ಬೀಳುವ ಮೊದಲೇ ಬಂದ ಸುದ್ದಿ

ಆ ಬಿಳಿ ಉಂಗುರ ಸುತ್ತುತ್ತಿದೆ, ಪರದೆಯ ನಟ್ಟನಡುವೆ, ಅವಳ ಸೊಂಟ ಇರಬೇಕಾದ ಜಾಗದಲ್ಲಿ — ಇಷ್ಟು ವರ್ಷ ನಾನು ನೋಡಿದ ನರ್ತಕಿಯರಲ್ಲಿ ಯಾರೂ ಇದರಷ್ಟು ಸುತ್ತಿಲ್ಲ, ಇದಕ್ಕೆ ತಲೆ ತಿರುಗುವುದಿಲ್ಲ, ಬೆವರು ಬರುವುದಿಲ್ಲ, ಕಿತ್ತುಬರಲು ಉಗುರಿಲ್ಲ — ಬಾ ತಾಯಿ, ಇವತ್ತೊಂದು ದಿನ ಕೈಕೊಡಬೇಡ ಎಂದು ಫೋನಿಗೆ ಅಂಗಲಾಚುತ್ತಿದ್ದೇನೆ, ಅಡುಗೆ ಮೇಜಿನ ಮೇಲೆ ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ ಫೋನು, ಸಮುದ್ರದಾಚೆ ಎಲ್ಲೋ ಒಂದು ರಂಗಮಂದಿರದಿಂದ ಬ್ಯಾಲೆಯ ಲೈವ್ ಬರುತ್ತಿದೆ, ಹಿಮ್ಮಡಿಯ ನರ ಪಟ್ಟನೆ ಹರಿದು ಚಳಿಗಾಲವಿಡೀ ಮಲಗಿದ್ದ ಕೊಕ್ಕರೆ ಇವತ್ತು ಮತ್ತೆ ಕುಣಿಯುತ್ತಿದ್ದಾಳೆ — ಕೊಕ್ಕರೆ ಎಂದು ಹೆಸರಿಟ್ಟವಳು ನಾನೇ, ಅವಳ ನಿಜವಾದ ಹೆಸರು ಹೇಳಲು ಹೋದರೆ ನನ್ನ ನಾಲಿಗೆ ಗಂಟು ಬೀಳುತ್ತದೆ — ಒಳಕೋಣೆಯಲ್ಲಿ ಬ್ಯಾಗಿನ ಜಿಪ್ಪು ಎಳೆಯುವ ಸದ್ದು, ಅರ್ಧ ಬಂದು ನಿಂತಿತು, ಮಗಳು ಒಂದೇ ಕೈಯಲ್ಲಿ ಎಳೆಯುತ್ತಿದ್ದಾಳೆ, ಇನ್ನೊಂದು ಕೈ ಪಕ್ಕೆ ಹಿಡಿದುಕೊಂಡಿರುತ್ತದೆ, ನೋಡದೆಯೂ ಗೊತ್ತು, ಗುರುವಾರ ಬಂದಾಗಿನಿಂದ ಆ ಕೈ ಪಕ್ಕೆ ಬಿಟ್ಟು ಮೇಲೆದ್ದಿಲ್ಲ, ಎರಡು ಎಲುಬು ಸೀಳಿವೆ, ಆದರೂ ವಾಪಸು ಹೋಗುತ್ತಾಳಂತೆ, ಅಳಿಯ ಮಧ್ಯಾಹ್ನ ಬಂದು ಕರೆದುಕೊಂಡು ಹೋಗುತ್ತಾನಂತೆ, ಫೋನಿನಲ್ಲಿ ಬಹಳ ಅತ್ತನಂತೆ, ನಾನು ಎದ್ದು ಹೋಗಿ ಆ ಬ್ಯಾಗನ್ನು ಕಿತ್ತು ಕಿಟಕಿಯಿಂದಾಚೆ ಎಸೆಯಬಾರದು ಎಂದೇ ಈ ಪರದೆಯ ಮುಂದೆ ಕೂತಿದ್ದೇನೆ, ಎದ್ದರೆ ಎಸೆಯುವುದು ಬ್ಯಾಗೊಂದನ್ನೇ ಅಲ್ಲ. ಚಿತ್ರ ಬಂತು.

ನನ್ನಂಥವಳಿಗೆ ಬ್ಯಾಲೆ ಎಲ್ಲಿಂದ ಅಂಟಿತು ಎಂದರೆ ಕಾಲುನೋವಿನಿಂದ ಅಂಟಿತು, ಕೋಳಿ ಕಾರ್ಖಾನೆಯಲ್ಲಿ ನಿಂತೇ ಇರುವ ಕೆಲಸ, ತಲೆಯ ಮೇಲಿನ ಸರಪಳಿಯಲ್ಲಿ ಕೊಕ್ಕೆಗಳು ಸಾಗಿ ಬರುತ್ತವೆ, ಒಂದೊಂದು ಕೊಕ್ಕೆಗೆ ಒಂದೊಂದು ಕೋಳಿ ತಲೆಕೆಳಗಾಗಿ, ಎಡಗೈಗೆ ಉಕ್ಕಿನ ಬಲೆಯ ಗವಸು, ಬಲಗೈಯಲ್ಲಿ ಚೂರಿ, ತೊಡೆಯ ಕೀಲಿಗೆ ತುದಿ ಇಟ್ಟು ಒಂದು ತಿರುವು, ಟಕ್, ಕಾಲು ತೊಟ್ಟಿಗೆ, ಮತ್ತೊಂದು, ಟಕ್ — ದಿನವೆಲ್ಲ ಕಾಲು ಕಡಿದು ಸಂಜೆ ಕಾಲು ನೋಡ್ತೀಯಲ್ಲೇ ಎಂದು ಜೊತೆಯವರು ನಗುತ್ತಾರೆ, ನಗಲಿ — ಪಾದ ಉರಿಯುತ್ತದೆ ಎಂದು ಒಂದು ಸಂಜೆ ಫೋನಿನಲ್ಲಿ ಮದ್ದು ಹುಡುಕಿದೆ, ಯಾವಳೋ ಒಬ್ಬಳು ತೆಳ್ಳಗಿನ ಹುಡುಗಿ ಬಚ್ಚಲಿನ ಅಂಚಿನಲ್ಲಿ ಕೂತು ಹೆಬ್ಬೆರಳಿಗೆ ಪಟ್ಟಿ ಸುತ್ತುತ್ತಿದ್ದಳು, ಉಗುರು ಕಪ್ಪಗಾಗಿ ಒಂದು ಅಂಚಿನಲ್ಲಿ ಮಾತ್ರ ಅಂಟಿಕೊಂಡಿತ್ತು, ಅದನ್ನು ಅವಳು ಮಾತಾಡುತ್ತ ಮಾತಾಡುತ್ತಲೇ ಕಿತ್ತು ಪಕ್ಕಕ್ಕಿಟ್ಟಳು, ಆಮೇಲೆ ಆ ಪಾದವನ್ನು ಗುಲಾಬಿ ಬಣ್ಣದ ರೇಷ್ಮೆ ಷೂವಿನೊಳಗೆ ತುರುಕಿ ತುದಿಬೆರಳ ಮೇಲೆ ಎದ್ದು ನಿಂತಳು, ನಿಂತು ನಕ್ಕಳು, ನನಗೆ ಮೈ ಜುಮ್ಮೆಂದಿತು, ಮದ್ದು ಮರೆತೇ ಹೋಯಿತು, ಅದಾದ ಮೇಲೆ ಇನ್ನೊಂದು ವಿಡಿಯೋ, ಇನ್ನೊಂದು. ಜನ ಸೊಗಸು ನೋಡಲು ಬ್ಯಾಲೆ ನೋಡುತ್ತಾರಂತೆ, ನಾನು ಹಾಗಲ್ಲ, ನನಗೆ ಬೇಕಾದ್ದು ಆ ನಗುವಿನ ಕೆಳಗೆ ಕುತ್ತಿಗೆಯಲ್ಲಿ ಬಿಗಿದು ನಿಲ್ಲುವ ನರ, ಷೂವಿನ ತುದಿಯಲ್ಲಿ ಮೆಲ್ಲಗೆ ಹರಡುವ ಕಂದು ಕಲೆ, ನೋಡು, ಇವಳಿಗೂ ನೋಯುತ್ತಿದೆ, ನೋಯುತ್ತಿದ್ದರೂ ಯಾರಿಗೂ ಗೊತ್ತಾಗದ ಹಾಗೆ ನಿಂತಿದ್ದಾಳೆ ಎಂದು ನನ್ನ ಉರಿಯುವ ಪಾದಕ್ಕೆ ಹೇಳಿಕೊಳ್ಳುತ್ತಿದ್ದೆ, ಎಷ್ಟು ಮೂರ್ಖಳು ನಾನು, ನೋವು ಮುಚ್ಚಿಟ್ಟುಕೊಳ್ಳುವುದೇ ದೊಡ್ಡ ವಿದ್ಯೆ ಎಂದುಕೊಂಡಿದ್ದೆ, ಊಟಕ್ಕೆ ಕೂತಾಗಲೆಲ್ಲ ಮಗಳಿಗೂ ಅದನ್ನೇ ಹೇಳಿದೆ, ನೋಡು ಹೇಗೆ ನಗ್ತಾಳೆ ನೋಡು.

ಚಾಟಿನಲ್ಲಿ ಎಲ್ಲರೂ ಸೇರಿದ್ದಾರೆ, ಪರದೆಯ ಅಂಚಿನಲ್ಲಿ ಅವರ ಮಾತು ಮೇಲೇರಿ ಮೇಲೇರಿ ಹೋಗುತ್ತಿದೆ, ಯಾವ ಭಾಷೆಯಲ್ಲಿ ಬರೆದರೂ ಫೋನೇ ಕನ್ನಡ ಮಾಡಿ ತೋರಿಸುತ್ತದೆ, ನಾವು ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಆದರೆ ಕೈಗೆ ಸಿಕ್ಕರೆ ಹರಿದು ಹಾಕುವಷ್ಟು ಪರಿಚಯ — ಕೊಕ್ಕರೆಯ ನರ ಹರಿದಾಗ ಬೇರೊಬ್ಬ ನರ್ತಕಿಯ ಪಂಗಡದವನೊಬ್ಬ ಒಳ್ಳೇದಾಯ್ತು ಇನ್ನೊಂದು ಕಾಲೂ ಹೋಗ್ಲಿ ಎಂದು ಬರೆದಿದ್ದ, ನಾನು ಚೂರಿ ಹಿಡಿದ ಕೈಯಲ್ಲೇ ಅವನಿಗೆ ಏನೇನು ಬರೆದೆ ಎಂದರೆ ನನ್ನನ್ನು ಒಂದು ವಾರ ಹೊರಗೆ ಹಾಕಿದರು — ಬಿದ್ದವರದ್ದನ್ನೆಲ್ಲ ಕತ್ತರಿಸಿ ಒಂದೇ ಮಾಲೆ ಮಾಡಿ ಹಾಕುವವನೂ ಒಬ್ಬನಿದ್ದಾನೆ, ಜಾರಿದವರು, ಮೊಣಕಾಲು ತಿರುಚಿದವರು, ಗಲ್ಲ ಬಡಿದುಕೊಂಡವರು, ಅದಕ್ಕೊಂದು ಕುಣಿತದ ಹಾಡು ಬೇರೆ, ಥೂ ಎಂದು ಉಗಿಯುತ್ತೇನೆ, ಉಗಿದು ಮತ್ತೆ ಮೊದಲಿನಿಂದ ನೋಡುತ್ತೇನೆ, ನಾನೇನು ಸಾಚಾ ಅಲ್ಲ. ಮೂರನೇ ಸಾಲು ಎಂಬ ಹೆಸರಿನವಳು ಬಂದಿದ್ದಾಳೆ, ಅವಳು ನಿಜವಾಗಿಯೂ ಆ ಊರಿನವಳು, ನಿಜವಾಗಿಯೂ ಮೂರನೇ ಸಾಲಿನಲ್ಲಿ ಕೂರುವವಳು, ಅಲ್ಲಿಂದಲೇ ತೊಡೆಯ ಮೇಲೆ ಫೋನಿಟ್ಟು ಬರೆಯುತ್ತಾಳೆ, ನೀವು ನೋಡೋದು ಗೊಂಬೆಯಾಟ ಕಣ್ರಿ, ಇಲ್ಲಿ ಕೂತ್ರೆ ಷೂ ನೆಲಕ್ಕೆ ಬಡಿಯೋ ಸದ್ದು ಕೇಳುತ್ತೆ, ಅವರ ಏದುಸಿರು ಕೇಳುತ್ತೆ, ಬೆವರು ಹಾರಿ ಮುಖಕ್ಕೆ ಬೀಳುತ್ತೆ ಎಂದು ಒಮ್ಮೆ ಬರೆದಿದ್ದಳು, ಹೊಟ್ಟೆ ಉರಿಯಿತು, ಈ ಜನ್ಮದಲ್ಲಿ ನಾನು ಆ ಕುರ್ಚಿಯ ಹತ್ತಿರವೂ ಹೋಗುವುದಿಲ್ಲ, ಆದರೆ ತಾಯಿ, ನಿನಗೆ ನಿಲ್ಲಿಸಿ ನೋಡಲು ಬರುವುದಿಲ್ಲ, ನನಗೆ ಬರುತ್ತದೆ, ಬೆರಳೊತ್ತಿ ಅವರನ್ನು ಗಾಳಿಯಲ್ಲೇ ನಿಲ್ಲಿಸುತ್ತೇನೆ, ಹಿಂದಕ್ಕೆ ಎಳೆಯುತ್ತೇನೆ, ಇರುವೆ ಹರಿದಷ್ಟು ನಿಧಾನ ಮಾಡುತ್ತೇನೆ, ಯಾರ ಕೈ ಯಾರ ಮೈಮೇಲೆ ಎಲ್ಲಿ ಕೂರುತ್ತದೆ ಎಂದು ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಏನು ಕಡಿದು ಕಟ್ಟೆ ಹಾಕಿದೆ.

ಹೆಬ್ಬೆರಳು ನೋಡಬೇಕು — ಒಳ್ಳೆಯ ಜೊತೆಗಾರ ಎಂದರೆ ಕಂಬ, ಅವಳು ಸುತ್ತುವಾಗ ತಲೆಯ ಮೇಲಿಂದ ಒಂದು ಬೆರಳು ಇಳಿಬಿಡುತ್ತಾನೆ ಅಷ್ಟೆ, ಹಿಡಿಯುವುದು ಅವಳು, ಅವನು ಹಿಡಿಯುವುದಿಲ್ಲ, ಸೊಂಟಕ್ಕೆ ಕೈಯಿಟ್ಟರೂ ಅಂಗೈ ಚಪ್ಪಟೆ, ಹೆಬ್ಬೆರಳು ಬಿಡುಗಣ್ಣಿನ ಹಾಗೆ ತೆರೆದುಕೊಂಡು ಹೊರಗೇ, ಕೆಟ್ಟವನ ಹೆಬ್ಬೆರಳು ಒಳಗೆ ಮುಚ್ಚಿಕೊಳ್ಳುತ್ತದೆ, ಮಣಿಕಟ್ಟಿನ ಸುತ್ತ ಬೀಗ ಬೀಳುತ್ತದೆ, ಅಂಥವನ ಜೊತೆ ಕುಣಿದವಳ ತೋಳಿನಲ್ಲಿ ಮಾರನೆಯ ದಿನ ಸಾಲಾಗಿ ಕಪ್ಪು ಗುರುತು ಏಳುತ್ತದೆ, ಅದಕ್ಕೆಂದೇ ಒಂದು ಗಟ್ಟಿ ಪೌಡರ್ ಇದೆ, ಮೊದಲು ಹಳದಿ, ಅದರ ಮೇಲೆ ಮೈಬಣ್ಣ, ನರ್ತಕಿಯರು ಅದನ್ನೂ ಹೇಳಿಕೊಡುತ್ತಾರೆ — ಮಗಳ ತೋಳಿನಲ್ಲಿ ಆ ಸಾಲು ನೋಡಿದ ದಿನ, ಇದೇ ಮೇಜು, ಇದೇ ಸಕ್ಕರೆ ಡಬ್ಬ, ಏನೇ ಇದು ಎಂದೆ, ಅವಳು ತೋಳು ಇಳಿಸಿಕೊಂಡು ನಕ್ಕಳು, ಅಮ್ಮ, ನಿಂಗೆ ಆಮೇಲೆ ಹೇಳೋಣ ಅಂತಿದ್ದೆ, ನಾನೂ ಬ್ಯಾಲೆ ಕ್ಲಾಸಿಗೆ ಸೇರಿದೀನಿ, ದೊಡ್ಡೋರಿಗೇ ಅಂತ ಇದೆ, ಜೊತೆಗಾರ ಎತ್ತುವಾಗ ಹಾಗಾಯ್ತು. ನನಗೆ ಆದ ಸಂತೋಷ, ಅಯ್ಯೋ ಆ ಸಂತೋಷ, ಎದ್ದು ಅವಳ ಹಣೆಗೆ ಮುತ್ತಿಟ್ಟೆ, ಕಾರ್ಖಾನೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ, ಆ ಪೌಡರು ತರಿಸಿ ಅವಳ ಕೈಗಿಟ್ಟು ಮೊದಲು ಹಳದಿ ಆಮೇಲೆ ಮೈಬಣ್ಣ ಎಂದು ನಾನೇ ನನ್ನ ಕೈಯಾರೆ ಹಚ್ಚಿ ತೋರಿಸಿದೆ, ಅವನು ಮಾಡಿದ ಗಾಯಕ್ಕೆ ನಾನು ಸುಣ್ಣ ಬಳಿದೆ — ಹೊಸದಾಗಿ ಕಲಿಯುವವಳನ್ನು ಯಾರೂ ಎತ್ತುವುದಿಲ್ಲ, ಒಂದು ವರ್ಷವಿಡೀ ಗೋಡೆಯ ಮರದ ಕಂಬಿ ಹಿಡಿದು ಮಂಡಿ ಬಗ್ಗಿಸಿ ಎದ್ದು, ಬಗ್ಗಿಸಿ ಎದ್ದು, ಅಷ್ಟೆ, ಇದು ಬ್ಯಾಲೆ ನೋಡುವ ಕೂಸಿಗೂ ಗೊತ್ತು, ನನಗೆ ಗೊತ್ತಿರಲಿಲ್ಲವೆ, ಗೊತ್ತಿತ್ತು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು ನನ್ನ ಬಾಳು, ನನಗೆ ಕೇಳಬೇಕಾದ ಸುಳ್ಳು ಯಾವುದು ಎಂದು ಅವಳಿಗೆ ಗೊತ್ತಿತ್ತು, ಅದನ್ನೇ ಹೇಳಿದಳು, ಮತ್ತೆ ಬಂದಾಗ ಮೊಣಕೈ ಊದಿತ್ತು, ಎತ್ತಿದ್ದು ಸರಿಹೋಗ್ಲಿಲ್ಲಮ್ಮ, ಅದರ ಮುಂದಿನ ಸಲ ತುಟಿ ಒಡೆದಿತ್ತು, ಸುತ್ತುವಾಗ ಅವನ ಮೊಣಕೈ ತಗುಲ್ತು, ನಾನು ಆ ಕಾಣದ ಜೊತೆಗಾರನನ್ನು ಬೈದೆ, ಕೈಲಾಗದವನು, ಹಿಡಿಯೋಕೆ ಬರದವನು, ಬೇರೆಯವನನ್ನ ಕೊಡಿ ಅಂತ ನಿಮ್ಮ ಮೇಷ್ಟ್ರಿಗೆ ಹೇಳು ಎಂದೆ, ಅವಳು ಹೂಂ ಎಂದಳು.

ಗುರುವಾರ ಬಂದಳು, ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ, ಕೈಗೆ ಸಿಕ್ಕ ಬ್ಯಾಗು ಹಿಡಿದು ಬಸ್ಸು ಹತ್ತಿ ಬಂದಿದ್ದಳು, ತುಟಿ ಮತ್ತೆ ಒಡೆದಿತ್ತು, ಕೂರಲು ಆಗುತ್ತಿರಲಿಲ್ಲ, ಮಲಗಲು ಆಗುತ್ತಿರಲಿಲ್ಲ, ಕಪಾಟಿಗೆ ಆನಿಕೊಂಡು ನಿಂತೇ ಇದ್ದಳು, ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು ಏನಾಯ್ತಮ್ಮ ಎಂದರು, ಅವಳು ಬಾಯಿ ತೆರೆಯುವ ಮೊದಲೇ ನಾನು, ಈ ಬಾಯಿ, ಡ್ಯಾನ್ಸು ಡಾಕ್ಟ್ರೇ, ಎತ್ತುವಾಗ ಕೈಬಿಟ್ಟಿದಾರೆ ಎಂದೆ, ಡಾಕ್ಟರು ನನ್ನನ್ನು ನೋಡಲಿಲ್ಲ, ಅವಳ ಬೆನ್ನಿನ ಮೇಲಿದ್ದ ಷೂವಿನ ಅಚ್ಚು ನೋಡುತ್ತಿದ್ದರು, ಹೆಂಗಸರ ಷೂ ಅಲ್ಲ, ಕುಣಿಯುವ ಷೂ ಅಂತೂ ಅಲ್ಲವೇ ಅಲ್ಲ, ಹಿಮ್ಮಡಿಯ ಗೆರೆಗಳು ಒಂದೊಂದೂ ಎಣಿಸುವ ಹಾಗೆ. ಮನೆಗೆ ಬಂದು ಕೇಳಿದೆ. ಅಮ್ಮ, ಯಾವ ಕ್ಲಾಸೂ ಇರ್ಲಿಲ್ಲ, ಎಂದಳು. ಮೊದಲು ಅಷ್ಟೇ ಹೇಳಿದ್ದು. ನೀರು ಕೊಡು ಎನ್ನುವಷ್ಟು ಮೆಲ್ಲಗೆ ಹೇಳಿದಳು, ನಾನು ನೀರು ತಂದುಕೊಟ್ಟೆ, ಉಳಿದದ್ದು ರಾತ್ರಿ ಒಂದೊಂದಾಗಿ ಹೊರಬಂತು. ಅವನು, ಆ ನನ್ನ ಅಳಿಯ, ಕಾರು ಕಲಿಸುವ ಮೇಷ್ಟ್ರು, ಊರಿಗೆಲ್ಲ ಬೆಣ್ಣೆಯಂಥ ಮನುಷ್ಯ, ಎಂಥ ದಡ್ಡ ಕೂತರೂ ನಿಧಾನ, ನಿಧಾನವಾಗಿ ಕ್ಲಚ್ ಬಿಡಿ, ಹೆದರ್ಬೇಡಿ ನಾನಿದೀನಿ ಎನ್ನುವವನು, ಅವನ ಕಾಲಡಿಯಲ್ಲೂ ಒಂದು ಬ್ರೇಕು ಇರುವ ಕಾರು, ಹಗಲೆಲ್ಲ ಪರರ ಮೇಲೆ ಸುರಿದ ತಾಳ್ಮೆ ಮನೆಗೆ ಬರುವಷ್ಟರಲ್ಲಿ ಮುಗಿದಿರುತ್ತಿತ್ತು ಎಂದು ಕಾಣುತ್ತದೆ, ಸಾರು ಆರಿದ್ದಕ್ಕೆ, ಫೋನು ಎತ್ತದಿದ್ದಕ್ಕೆ, ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಿರಾಕಿಯ ಕಿವಿ ಮುಟ್ಟಿ ಕನ್ನಡಕ ಕೂರಿಸಿದ್ದಕ್ಕೆ, ಎಲ್ಲಕ್ಕೂ ಒದೆ — ಶುಕ್ರವಾರ ಕಾರ್ಖಾನೆಯ ಮೇಸ್ತ್ರಿಗೆ ಹೇಳಿಕೊಂಡೆ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ನೀನ್ಯಾಕೆ ನಡುವೆ ಹೋಗ್ತೀಯ ಎಂದ, ಉಂಡು ಮಲಗಿದ ಮೇಲೇ ಒದೆಯುವುದು ಮೇಸ್ತ್ರಿ ಎಂದೆ, ಅವನು ಗಡಿಯಾರ ನೋಡಿಕೊಂಡು ಹೋದ, ಕೊಕ್ಕೆಗಳು ಬಂದವು, ಬಂದ ಒಂದೊಂದೂ ಅಳಿಯನೇ, ತೊಡೆಯ ಕೀಲಿಗೆ ಚೂರಿ, ತಿರುವು, ಟಕ್, ಇದು ಪಕ್ಕೆಗೆ, ಟಕ್, ಇದು ತುಟಿಗೆ, ಟಕ್, ಇದು ನನ್ನ ಪೌಡರಿಗೆ, ಸಾಲಿನ ಕೊನೆಯಲ್ಲಿದ್ದವಳು ಓಡಿ ಬಂದು ಏನೇ ಇದು, ಎಲುಬೆಲ್ಲ ಪುಡಿ ಮಾಡಿದೀಯ ಎಂದಳು, ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವಂತೆ, ಬರದಿದ್ದರೆ ಬೇಡ, ಅಂಥ ಮೂಗು ಯಾರಿಗೆ ಬೇಕು. ಆದರೆ ಮಗಳು ಜಿಪ್ಪು ಎಳೆದು ಮುಗಿಸಿದಳು, ಈಗ ಕೇಳಿಸಿತು, ಪೂರ್ತಿ ಬಂತು.

ಎರಡನೆಯ ಅಂಕ — ಯುದ್ಧದಿಂದ ಮರಳಿದ ಸೈನಿಕನಿಗೆ ಹೆಂಡತಿಯ ಗುರುತು ಹತ್ತುವುದಿಲ್ಲ, ಅವಳನ್ನು ಶತ್ರು ಎಂದುಕೊಳ್ಳುತ್ತಾನೆ, ಎಳೆಯುತ್ತಾನೆ, ನೂಕುತ್ತಾನೆ, ನೆಲಕ್ಕೆ ಒಗೆಯುತ್ತಾನೆ, ಅವಳು ಮತ್ತೆ ಮತ್ತೆ ಎದ್ದು ಅವನತ್ತಲೇ ಓಡುತ್ತಾಳೆ, ಕೊನೆಗೆ ದೂರದಿಂದ ಓಡಿ ಬಂದು ಗಾಳಿಗೆ ಹಾರುತ್ತಾಳೆ, ಅವನು ಹಿಡಿಯುತ್ತಾನೆ, ಹಿಡಿದಾಗ ಗುರುತು ಸಿಗುತ್ತದೆ, ಪರದೆ ಬೀಳುತ್ತದೆ, ನಮ್ಮ ಚಾಟಿನವರಿಗೆಲ್ಲ ಇದು ಜಗತ್ತಿನ ಅತಿ ದೊಡ್ಡ ಪ್ರೀತಿಯ ಕುಣಿತ, ನಾನೂ ಇದನ್ನು ನೋಡಿ ಎಷ್ಟೋ ಸಲ ಅತ್ತಿದ್ದೇನೆ, ಇವತ್ತು ಅಳು ಬರುತ್ತಿಲ್ಲ, ಹಲ್ಲು ಕಚ್ಚಿ ಕೂತಿದ್ದೇನೆ, ಯಾಕೆ ಮತ್ತೆ ಏಳುತ್ತೀಯೆ, ಬಿದ್ದಲ್ಲೇ ಇರು, ಇಲ್ಲ, ಎದ್ದು ಆಚೆ ಕಡೆ ಓಡು, ರಂಗದ ಎರಡು ಬದಿಯಲ್ಲೂ ದಾರಿ ಇದೆಯಲ್ಲ. ಹೊಸ ಜೊತೆಗಾರ ಇವನು, ಭುಜ ಅಗಲ, ಕಣ್ಣು ಪ್ರೇಕ್ಷಕರ ಮೇಲೆ, ಮಣಿಕಟ್ಟು ಹಿಡಿದಾಗ ಹೆಬ್ಬೆರಳು ಒಳಗೇ ಇತ್ತು, ನಾನು ನೋಡಿದೆ. ಉಂಗುರ ಮತ್ತೆ ಸುತ್ತಿತು, ಚಿತ್ರ ನಿಂತಿತು. ಹೀಗೆ ನಿಂತಾಗಲೆಲ್ಲ ನನ್ನ ಚಿತ್ರ ಇನ್ನಷ್ಟು ಹಿಂದೆ ಬೀಳುತ್ತದೆ, ಚಾಟು ಮಾತ್ರ ಆಗಿಂದಾಗ ಬರುತ್ತದೆ, ಹಾಗಾಗಿ ಚಪ್ಪಾಳೆ ಮೊದಲು ಬಂದು ಕುಣಿತ ಆಮೇಲೆ ಬರುವುದು ನನಗೆ ಅಭ್ಯಾಸವಾಗಿದೆ, ಮುಂದೆ ಎಳೆದರೆ ಸರಿಹೋದೀತು, ಆದರೆ ನಡುವಿನದು ತಪ್ಪುತ್ತದೆ, ನನಗೆ ಒಂದು ಹೆಜ್ಜೆಯೂ ತಪ್ಪಬಾರದು — ಅಮ್ಮ, ಕಾರು ಬಂತು ಎಂದಳು ಮಗಳು ಒಳಗಿನಿಂದ, ಬಂತು, ನನಗೂ ಕೇಳಿಸಿತು, ಆ ಕಾರಿನ ಸದ್ದು ಗೊತ್ತು, ಆಗಲೇ ಚಾಟಿನಲ್ಲಿ ಅಯ್ಯೋ. ಒಬ್ಬ ಅಯ್ಯೋ. ಅದರ ಮೇಲೆ ಇನ್ನೊಬ್ಬ, ಅಯ್ಯೋ ದೇವರೇ, ಬೇಡ ಬೇಡ ಬೇಡ, ಅವನು ಹಿಡೀಲೇ ಇಲ್ಲ, ಏಳ್ತಿಲ್ಲ ಅವಳು, ಮೂರನೇ ಸಾಲು ಬರೆದಿದ್ದಾಳೆ, ಆ ಸದ್ದು ನಮಗೆ ಕೇಳಿಸ್ತು, ಎಲುಬಿನ ಸದ್ದು. ಪರದೆಯ ಮೇಲೆ ಕೊಕ್ಕರೆ ಇನ್ನೂ ನಿಂತಿದ್ದಾಳೆ. ನಗುತ್ತಿದ್ದಾಳೆ. ರಂಗದ ಮೂಲೆಯಲ್ಲಿ, ಓಡಲು ಮುಂಚೆ ಉಸಿರು ಎಳೆದುಕೊಳ್ಳುತ್ತಿದ್ದಾಳೆ, ಕತ್ತಿನ ನರ ಬಿಗಿದಿದೆ, ಅವಳು ಬಿದ್ದಾಗಿದೆ, ಅವಳಿಗಿನ್ನೂ ಗೊತ್ತಿಲ್ಲ, ನನಗೆ ಗೊತ್ತು, ಹೋಗ್ಬೇಡ ಕಣೇ ಎಂದು ಕೂಗಿದೆ, ನಿಜವಾಗಿಯೂ ಕೂಗಿದೆ, ಯಾರಿಗೆ ಹೇಳ್ತಿದೀಯಮ್ಮ ಎಂದಳು ಮಗಳು, ಬ್ಯಾಗು ಹಿಡಿದು ಹೊರಗೆ ಬಂದಿದ್ದಳು, ತುಟಿಯ ಗಾಯಕ್ಕೆ ಮೊದಲು ಹಳದಿ, ಆಮೇಲೆ ಮೈಬಣ್ಣ.

ಬಾಗಿಲು ತಟ್ಟಿದ, ತಟ್ಟುವುದೂ ಎಷ್ಟು ಮೆತ್ತಗೆ, ನಾನೇ ತೆರೆದೆ, ಹೊಸಿಲಾಚೆ ನಿಂತಿದ್ದಾನೆ, ಇಸ್ತ್ರಿ ಮಾಡಿದ ಅಂಗಿ, ಕೂದಲು ಒದ್ದೆ ಮಾಡಿ ಬಾಚಿದ್ದಾನೆ, ಅವನ ಹಿಂದೆ ಮೆಟ್ಟಿಲ ಕೆಳಗೆ ಕಾರಿನ ಎಂಜಿನ್ನು ನಡೆಯುತ್ತಲೇ ಇದೆ, ಆರಿಸಿಲ್ಲ, ಊಟ ಆಯ್ತಾ ಅತ್ತೆ ಎಂದ, ಆಯ್ತು ಒಳಗೆ ಬನ್ನಿ ಎಂದು ನನ್ನ ಬಾಯಿ ಹೇಳಿತು, ಈ ಬಾಯಿಗೆ ಅಭ್ಯಾಸ, ಮದುವೆಯಾದಾಗಿನಿಂದ ಅವನಿಗೆ ನೀವು ತಾವು ಎಂದೇ ಬಂದಿದ್ದೇನೆ, ಇಲ್ಲ ಅತ್ತೆ, ಹೊತ್ತಾಗುತ್ತೆ, ನಂದೇ ತಪ್ಪು, ಇನ್ಮೇಲೆ ಹಾಗಾಗಲ್ಲ, ನಿಮ್ಮಾಣೆ ಎಂದ, ಹಾಗಾಗಲ್ಲ ಎಂದರೆ ಹೇಗೆ, ಮಳೆ ಬಂತು ಎನ್ನುವ ಹಾಗೆ, ತಾನೇ ಆಯಿತಂತೆ, ಕಣ್ಣಲ್ಲಿ ನೀರಿದೆ, ಸುಳ್ಳು ನೀರಲ್ಲ, ಅಳುವಾಗ ಅವನು ನಿಜವಾಗಿಯೇ ಅಳುತ್ತಾನೆ ಎಂದು ಮಗಳು ಹೇಳಿದ್ದಳು, ಅದಕ್ಕೇ ನಾನು ಹೋಗಿಬಿಡ್ತೀನಮ್ಮ ಎಂದಿದ್ದಳು — ಅವಳು ನನ್ನ ಪಕ್ಕದಿಂದ ಮುಂದೆ ಬಂದಳು, ಅಮ್ಮ ಬರ್ತೀನಿ ಎಂದಳು, ಅವನು ಕೈ ಚಾಚಿದ, ಬ್ಯಾಗಿಗೆ ಎಂದುಕೊಂಡೆ, ಬ್ಯಾಗಿಗಲ್ಲ, ಮಣಿಕಟ್ಟಿಗೆ, ಮೆತ್ತಗೇ ಹಿಡಿದ, ನೋಡಿದವರಿಗೆ ಎಷ್ಟು ಪ್ರೀತಿ ಎನಿಸಬೇಕು, ಹೆಬ್ಬೆರಳು ಒಳಗೆ ಹೋಗಿ ಮುಚ್ಚಿಕೊಂಡಿತು. ಮಗಳು ನಕ್ಕಳು. ಆ ನಗು, ಅದರ ಕೆಳಗೆ ಕತ್ತಿನಲ್ಲಿ ಬಿಗಿದ ನರ, ನಿಲ್ಲಿಸಿ ನೋಡಬೇಕಾಗಲಿಲ್ಲ, ನಿಧಾನ ಮಾಡಬೇಕಾಗಲಿಲ್ಲ, ಅವಳು ಆಗಲೇ ಬಿದ್ದಿದ್ದಾಳೆ, ಯಾವುದೋ ಕೋಣೆಯಲ್ಲಿ, ಯಾವುದೋ ಆರಿದ ಸಾರಿಗೆ, ಏಳುತ್ತಿಲ್ಲ, ಸುದ್ದಿ ನನಗೆ ಬಂದಾಗಿದೆ, ಚಿತ್ರ ಇನ್ನೂ ಬಂದಿಲ್ಲ ಅಷ್ಟೆ, ಹಗಲು ಕಂಡ ಬಾವಿಗೆ ಇರುಳು ಬೀಳುವುದಕ್ಕೆ ನಾನು ಬಿಡುವುದಿಲ್ಲ. ಕೈ ತೆಗಿಯೋ, ಎಂದೆ. ಅವನಿಗೆ ಅರ್ಥವಾಗಲಿಲ್ಲ, ಏನಂದ್ರಿ ಅತ್ತೆ ಎಂದ, ನಾನು ಮಗಳ ಸೊಂಟ ಬಳಸಿ ಹಿಂದಕ್ಕೆ ಎಳೆದೆ, ಪಕ್ಕೆಲುಬು ನೆನಪಾಗಲಿಲ್ಲ, ಅವಳು ಚೀರಿದಳು, ಅವನ ಹಿಡಿತ ಜಾರಿತು, ಬಾಗಿಲು ದೂಡಿದೆ, ಅವನು ಚೌಕಟ್ಟಿಗೆ ಕೈ ಹಾಕಿದ, ಕಾರ್ಖಾನೆಯ ತಣ್ಣನೆ ಕೋಣೆಯ ಬಾಗಿಲನ್ನು ದಿನವೂ ಸೊಂಟದಿಂದ ಗುದ್ದಿ ಮುಚ್ಚುವವಳು ನಾನು, ಅದು ಕಬ್ಬಿಣದ್ದು, ಇದು ಬರಿಯ ಹಲಗೆ, ಗುದ್ದಿದೆ. ಟಕ್ ಎಂದಿತು, ಒಂದೇ ಸಲ ಅಲ್ಲ, ಒಂದರ ಹಿಂದೆ ಒಂದು.

ಬೆನ್ನು ಕೊಟ್ಟು ನಿಂತಿದ್ದೇನೆ, ತಲೆ ಹೊರಳಿಸಿದರೆ ಕಾಣುತ್ತವೆ, ಬಾಗಿಲಿಗೂ ಚೌಕಟ್ಟಿಗೂ ನಡುವೆ ಈ ಕಡೆಗೆ ಬಂದ ನಾಲ್ಕು ಬೆರಳು, ಉಗುರು ನೀಟಾಗಿ ಕತ್ತರಿಸಿದೆ, ಒಂದರಲ್ಲಿ ಉಂಗುರ — ಆಚೆಯಿಂದ ಅವನು ಕಿರುಚುವುದು ತಡವಾಗಿ ಬಂತು, ಅತ್ತೆ, ಅತ್ತೆ ಕೈ, ತೆಗೀರಿ ಪ್ಲೀಸ್, ಇನ್ನೂ ಬಹುವಚನ, ಆಮೇಲೆ ಬಾಗಿಲಿಗೆ ಒದ್ದ, ತೆಗಿಯೇ ಮುದುಕಿ, ಇಬ್ರನ್ನೂ ಕೊಂದೇ ಹೋಗ್ತೀನಿ, ಸದ್ಯ, ಈಗಲಾದರೂ ಬಾಯಿಬಿಟ್ಟೆಯಲ್ಲ, ಮೇಲಿನ ಮನೆಯವರು ಕಿಟಕಿ ತೆರೆದರು, ಕೇಳಿಸಿಕೊಳ್ಳಲಿ, ಬೆಣ್ಣೆಯಂಥ ಮನುಷ್ಯ ಹೇಗೆ ಮಾತಾಡುತ್ತಾನೆ ಎಂದು ಕೇಳಿಸಿಕೊಳ್ಳಲಿ, ಮತ್ತೆ ಅತ್ತೆ, ಮತ್ತೆ ಅಳು, ನಿಮ್ ಕಾಲಿಗೆ ಬೀಳ್ತೀನಿ, ಬೆರಳು ಹೋಗುತ್ತೆ ಅತ್ತೆ, ನಾಲ್ಕು ಬೆರಳು ಕೆಂಪಗಿದ್ದವು, ಈಗ ನೀಲಿ, ತೆರೆದರೆ ಬೆರಳಿನ ಹಿಂದೆ ಅವನೂ ಬರುತ್ತಾನೆ, ತೆರೆಯದಿದ್ದರೆ ಬೆರಳು ಉಳಿಯುವುದಿಲ್ಲ, ಅತ್ತ ದರಿ ಇತ್ತ ಪುಲಿ ಎಂದರೆ ಇದೇ, ಮೇಜಿನ ಮೇಲೆ ಫೋನಿನಲ್ಲಿ ವಾದ್ಯಗಳು ಏರುತ್ತಿವೆ, ಓಡುತ್ತಿರಬೇಕು, ಹಾರಿರಬೇಕು, ಧಡ್ ಎಂದಿತು, ಸಾವಿರಾರು ಜನ ಒಂದೇ ಸಲ ಉಸಿರು ಎಳೆದುಕೊಂಡರು, ನಾನು ಅತ್ತ ನೋಡಲಿಲ್ಲ. ಇದುವರೆಗೆ ಬಿದ್ದವರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದವಳು ನೋಡಲಿಲ್ಲ. ಮಗಳನ್ನು ನೋಡಿದೆ, ನೆಲದಲ್ಲಿ ಕೂತಿದ್ದಳು, ಬೆರಳುಗಳನ್ನು ನೋಡುತ್ತಿದ್ದಳು, ಅಮ್ಮ, ಬೆರಳು ಎಂದಳು, ಗೋಡೆ ಹಿಡಿದು ಎದ್ದಳು, ಬಂದಳು, ಈಗ ನನ್ನನ್ನು ಪಕ್ಕಕ್ಕೆ ಸರಿಸುತ್ತಾಳೆ, ಬಾಗಿಲು ತೆರೆಯುತ್ತಾಳೆ, ಅವನ ಕೈಯನ್ನು ಸೆರಗಲ್ಲಿ ಸುತ್ತಿಕೊಂಡು ಅದೇ ಕಾರು ಹತ್ತುತ್ತಾಳೆ ಎಂದುಕೊಂಡೆ, ನನ್ನ ಪಕ್ಕದಲ್ಲಿ ತಿರುಗಿ ನಿಂತಳು, ಬೆನ್ನನ್ನು ಬಾಗಿಲಿಗೆ ಕೊಟ್ಟಳು. ಸೀಳಿದ ಪಕ್ಕೆಯ ಬೆನ್ನು. ಹಲಗೆ ನರಳಿತು, ಆಚೆ ಅವನ ದನಿ ಏರಿ ಏರಿ ಒಡೆದುಹೋಯಿತು, ಇನ್ನು ಅಲ್ಲಿ ಮಾತಿಲ್ಲ, ಬರಿಯ ಸದ್ದು, ಎಲುಬು ಯಾವಾಗ ಬಿಟ್ಟುಕೊಡುತ್ತದೆ ಎಂದು ನನಗೆ ಗೊತ್ತು, ಸಾಕು ಎನಿಸಿತು, ಇಷ್ಟು ಸಾಕು, ಇನ್ನು ಅವನು ಒಳಗೆ ಬಂದರೂ ಎತ್ತಲು ಕೈಯಿಲ್ಲ, ಸಾಕು ಮಗಳೇ ಎಂದೆ, ಕಾಲು ಸಡಿಲಿಸಿದೆ, ಬೆನ್ನು ತೆಗೆದೆ, ಒಂದು ಹೆಜ್ಜೆ ಮುಂದೆ ಬಂದು ನಿಂತೆ, ಬಾಗಿಲು ತೆರೆಯಲಿಲ್ಲ. ನಾನು ಬಿಟ್ಟಿದ್ದೇನೆ, ಬಾಗಿಲು ಬಿಡುತ್ತಿಲ್ಲ. ಅವಳು ಒತ್ತುತ್ತಿದ್ದಾಳೆ, ಹಿಮ್ಮಡಿ ನೆಲಕ್ಕೆ ಊರಿ, ಮುಖದಲ್ಲಿ ನಗುವಿಲ್ಲ, ಏನೂ ಇಲ್ಲ, ಬೆವರು ಇಳಿದು ಪೌಡರು ಕರಗಿ ತುಟಿಯ ಗಾಯ ಕಾಣುತ್ತಿದೆ, ಮಗಳೇ ಎಂದೆ, ಕೇಳಿಸಲಿಲ್ಲ, ಮಗಳೇ ಸಾಕು, ನಾಲ್ಕು ಬೆರಳು, ಮೊದಲು ಅಲುಗುತ್ತಿದ್ದವು, ಗಾಳಿಯಲ್ಲಿ ಏನನ್ನೋ ಹಿಡಿಯಲು ನೋಡುತ್ತಿದ್ದವು, ನಾಲ್ಕು ಬೆರಳು, ಈಗ ಅಲುಗುತ್ತಿಲ್ಲ, ಅವಳು ಒತ್ತುತ್ತಿದ್ದಾಳೆ, ನಾನು ಕೈ ಚಾಚಿದ್ದೇನೆ, ಅವಳನ್ನು ಹಿಡಿಯಲೋ ಬಾಗಿಲನ್ನೋ ತಿಳಿಯದೆ, ನಾಲ್ಕು ಬೆರಳು, ನೀಟಾದ ಉಗುರು, ನಾಲ್ಕು ಬೆರಳು